ಐದನೇ ತಿಂಗಳು, ಮಾಸು ಕೆಳಗಿದೆಯಂತೆ. ರೇಷ್ಮೆ ಹುಳು ಮನೆ ಕೆಲಸ ಎಷ್ಟು ಮಾಡಬಹುದು?

ಹಿಪ್ಪುನೇರಳೆ, ಶಿಡ್ಲಘಟ್ಟ ತಾಲ್ಲೂಕು
ಜನವರಿ 3, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಇಲ್ಲಿ ಎರಡು ವರ್ಷದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 26. ತವರು ಮಧುಗಿರಿ ಕಡೆ, ಕೊಟ್ಟಿರುವುದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿಗೆ. ಚೊಚ್ಚಲು. ಇವತ್ತಿಗೆ 20 ವಾರ 4 ದಿನ. ಮೊದಲ ಮೂರು ತಿಂಗಳು ವಾಂತಿಯಲ್ಲೇ ಕಳೆದೆ. ಒಗ್ಗರಣೆ ವಾಸನೆ ಬಂದರೆ ಸಾಕು, ಹಿತ್ತಿಲಿಗೆ ಓಡುತ್ತಿದ್ದೆ. ನಾಲ್ಕು ತುಂಬಿದ ಮೇಲೆ ಅದು ನಿಂತಿತು, ಹಸಿವು ಶುರುವಾಯಿತು. ಮುದ್ದೆ, ಮಸ್ಸೊಪ್ಪು, ಜೊತೆಗೆ ಈಗ ಅವರೆಕಾಯಿ ಸೀಸನ್ ಬೇರೆ. ಅಬ್ಬಾ, ಇನ್ನು ಆರಾಮ ಅಂದುಕೊಳ್ಳುವಷ್ಟರಲ್ಲಿ ಈ ಸ್ಕ್ಯಾನ್ ಬಂತು.

ಮೊನ್ನೆ ಚಿಕ್ಕಬಳ್ಳಾಪುರದಲ್ಲಿ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗಾಂಗ ಸರಿ ಇದೆಯಾ ಅಂತ ನೋಡುವ ಸ್ಕ್ಯಾನ್) ಮಾಡಿಸಿದೆವು. ಬೆಳಗ್ಗೆ 9ಕ್ಕೆ ಹೋದವರನ್ನು ಒಳಗೆ ಕರೆದಿದ್ದು ಮಧ್ಯಾಹ್ನ 1ಕ್ಕೆ. ನೀರು ಕುಡಿದು ಕೂತಿರಿ ಅಂದರು. ಕುಡಿದೆ. ನಾಲ್ಕು ಗಂಟೆ ಕೂತೆ. ಹೊಟ್ಟೆಯೊಳಗಿನವರು ಒಬ್ಬರು ಸಾಲದು ಅಂತ ಮೇಲೆ ಒಂದೂವರೆ ಲೀಟರ್ ನೀರು. ಒಳಗೆ ಹೋದ ಮೇಲೆ ಮಾತ್ರ ಅದೆಲ್ಲ ಮರೆತುಹೋಯಿತು. ಮಗುವಿನ ಬೆನ್ನುಮೂಳೆ ಪರದೆ ಮೇಲೆ ಕಂಡಿತು, ಮುಸುಕಿನ ಜೋಳದ ತೆನೆಯಲ್ಲಿ ಕಾಳು ಎರಡು ಸಾಲು ಕೂತ ಹಾಗೆ. ಮಗು ಚೆನ್ನಾಗಿದೆ ಅಂತ ಡಾಕ್ಟರ್ ಒಂದು ಮಾತು ಅಂದರು. ಆಮೇಲೆ ಕೌಂಟರಿನಲ್ಲಿ ಕವರ್ ಕೈಗಿಟ್ಟರು, ಅಷ್ಟೇ.

ಬಸ್ಸಿನಲ್ಲಿ ಕೂತು ಕವರ್ ತೆಗೆದೆ. ಹೃದಯ, ಕಿಡ್ನಿ, ಮೆದುಳು ಎಲ್ಲ ನಾರ್ಮಲ್. ಕೆಳಗೆ ಒಂದು ಸಾಲು: ಪ್ಲಾಸೆಂಟಾ ಆಂಟೀರಿಯರ್, ಲೋ ಲೈಯಿಂಗ್, ಇಂಟರ್ನಲ್ ಆಸ್‌ನಿಂದ 1.4 ಸೆಂ.ಮೀ. ಅಂದರೆ ಮಾಸು ಗರ್ಭಕೋಶದ ಬಾಯಿ ಹತ್ತಿರ ಕೆಳಗಿದೆ ಅಂತ. ಫೋನಿನಲ್ಲಿ ಹುಡುಕಬಾರದಿತ್ತು, ಹುಡುಕಿದೆ. ರಕ್ತಸ್ರಾವ, ಸಿಸೇರಿಯನ್, ಏನೇನೋ. ನಮ್ಮ ಊರು ಬರುವಷ್ಟರಲ್ಲಿ ಕೈ ತಣ್ಣಗಾಗಿತ್ತು. ನಾನು ತೋರಿಸುವ ಡಾಕ್ಟರಿಗೆ ಸಂಜೆ ಫೋನ್ ಮಾಡಿದರೆ ಅವರು ಆಪರೇಷನ್‌ಗೆ ಹೊರಟಿದ್ದರು. ಎರಡೇ ನಿಮಿಷ ಮಾತಾಡಿದರು. “ಭಾರ ಎತ್ತಬೇಡಮ್ಮ. ಒಂದು ಹನಿ ರಕ್ತ ಕಂಡರೂ ತಕ್ಷಣ ಬಾ. 32 ವಾರಕ್ಕೆ ಮತ್ತೆ ಸ್ಕ್ಯಾನ್ ಮಾಡೋಣ.”

ಈಗ ವಿಷಯಕ್ಕೆ ಬರುತ್ತೇನೆ. ನಮ್ಮದು ರೇಷ್ಮೆ ಮನೆ. ಮಾವ ಇಲ್ಲ. ಅತ್ತೆ, ನಾನು, ಇವರು. ಇವರಿಗೆ ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ಪಾಳಿ ಕೆಲಸ, ಒಂದು ವಾರ ಹಗಲು ಒಂದು ವಾರ ರಾತ್ರಿ. ಅಂದರೆ ಹುಳು ಮೇಯಿಸುವವರು ನಾನು, ಅತ್ತೆ. ಚಾಕಿ ಹುಳು (ಎಳೆ ಹುಳು) ತಂದು ಇವತ್ತಿಗೆ ಐದು ದಿನ, 150 ಮೊಟ್ಟೆ (ಒಂದು ಚಿಟ್ಟೆ ಇಟ್ಟಿದ್ದೆಲ್ಲ ಸೇರಿ ಒಂದು ಮೊಟ್ಟೆ ಅನ್ನುವ ಲೆಕ್ಕ). ಮೂರನೇ ಜ್ವರ (ಹುಳು ಪೊರೆ ಬಿಡುವುದು) ಎದ್ದಿವೆ. ಇನ್ನು ಐದಾರು ದಿನಕ್ಕೆ ನಾಲ್ಕನೇ ಜ್ವರ ಏಳುತ್ತವೆ. ಹುಳು ಸಾಕಿದವರಿಗೆ ಗೊತ್ತು, ಆಮೇಲಿನ ಏಳೆಂಟು ದಿನ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ಖಾಲಿ. ಸರಿಯಾಗಿ ಸಂಕ್ರಾಂತಿ ಹೊತ್ತಿಗೆ ಹಣ್ಣಾಗುತ್ತವೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತವೆ.

ಭಾರ ಎತ್ತಬೇಡ ಅಂದರು, ಸರಿ. ಎಷ್ಟು ಭಾರ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೊಪ್ಪಿನ ಹೊರೆ 25 ಕೆ.ಜಿ. ಬರುತ್ತದೆ, ಅದು ಬೇಡ ಅಂತ ನನಗೇ ಗೊತ್ತು. ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರುತ್ತಿದ್ದೆ. ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಕುಡಿಯಲು ಘಟಕದ ನೀರೇ ಬೇಕು. ಅದು? ಅರ್ಧ ಬಕೆಟ್? ಬಗ್ಗಿ ಹಿಕ್ಕೆ, ಕಸ ತೆಗೆಯುವುದು? ಸ್ಟ್ಯಾಂಡಿನ ಮೇಲಿನ ಅಂಕಣಕ್ಕೆ ಕೈ ಎತ್ತಿ ಸೊಪ್ಪು ಹಾಕುವುದು? ಕೈ ಮೇಲೆತ್ತಿದರೆ ಕರುಳಬಳ್ಳಿ ಸುತ್ತಿಕೊಳ್ಳುತ್ತದೆ ಅಂತ ಪಕ್ಕದ ಮನೆಯವರು ಬೇರೆ ಹೆದರಿಸಿದ್ದಾರೆ.

ಅತ್ತೆ ಕೆಟ್ಟವರಲ್ಲ. ಬೆಳಗ್ಗೆ ನನಗೆ ಅಂತ ಒಂದು ಲೋಟ ಹಾಲು ಎತ್ತಿಟ್ಟೇ ಡೈರಿಗೆ ಹಾಕುತ್ತಾರೆ. ಆದರೆ ಸ್ಕ್ಯಾನ್ ವಿಷಯ ಹೇಳಿದಾಗ ಸೊಪ್ಪು ಕತ್ತರಿಸುತ್ತಿದ್ದವರು ಕತ್ತಿ ನಿಲ್ಲಿಸಲಿಲ್ಲ. “ಇವನನ್ನ ಹೊಟ್ಟೆಯಲ್ಲಿಟ್ಟುಕೊಂಡು ರಾತ್ರಿಯೆಲ್ಲ ಹಣ್ಣು ಹುಳು ಆರಿಸಿದ್ದೀನಿ. ಬೆಳಗ್ಗೆ ನೋವು ಬಂತು, ಮಧ್ಯಾಹ್ನಕ್ಕೆ ಹುಟ್ಟಿದ. ಆ ಮಿಷನ್‌ನಲ್ಲಿ ನೋಡಿದರೆ ಎಲ್ಲರಿಗೂ ಒಂದೊಂದು ಕಾಯಿಲೆ ಕಾಣುತ್ತೆ ಬಿಡು” ಅಂದರು. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಇವರಿಗೆ ಹೇಳಿದರೆ “ನೀನೇ ಅಮ್ಮನಿಗೆ ನಿಧಾನವಾಗಿ ಹೇಳು” ಅನ್ನುತ್ತಾರೆ. ನಿಧಾನವಾಗಿ ಹೇಳಿದ್ದಾಯಿತಲ್ಲ!

ಇನ್ನೂ ಸಣ್ಣಪುಟ್ಟ ಅನುಮಾನಗಳಿವೆ. ಒಟ್ಟಿಗೇ ಕೇಳಿಬಿಡುತ್ತೇನೆ. ಇನ್ನೂ ಮಗು ಆಡುವುದು ಗೊತ್ತಾಗಿಲ್ಲ, ಕೆಲವರು ನಾಲ್ಕರಲ್ಲೇ ಗೊತ್ತಾಯಿತು ಅನ್ನುತ್ತಾರೆ. ಆಂಟೀರಿಯರ್ ಅಂದರೆ ಹೆಣ್ಣು ಅಂತ ಓರಗಿತ್ತಿಯ ತಂಗಿ ಹೇಳಿದಳು, ಹೌದಾ? ಹೆಣ್ಣಾದರೆ ನನಗಂತೂ ಖುಷಿ, ಸುಮ್ನೆ ಕೇಳುತ್ತಿದ್ದೇನೆ. ಆಶಾ ಅಕ್ಕ ಕೊಟ್ಟ ಕೆಂಪು ಮಾತ್ರೆ ತಗೊಂಡರೆ ಮಲಬದ್ಧತೆ, ಹಾಗಾಗಿ ದಿನ ಬಿಟ್ಟು ದಿನ ತಗೊಳ್ಳುತ್ತಿದ್ದೇನೆ. ಸಂಕ್ರಾಂತಿಗೆ ತವರಿಗೆ ಹೋಗಬಹುದಾ, ಎರಡು ಬಸ್ ಬದಲಾಯಿಸಬೇಕು. ಎಳ್ಳು ತಿನ್ನಬಾರದು ಅನ್ನುವುದು ನಿಜವಾ? ಆಮೇಲೆ ಇದನ್ನು ಯಾರಿಗೂ ಹೇಳಿಲ್ಲ: ಅಕ್ಕಿ ಡಬ್ಬಿ ಹತ್ತಿರ ಹೋದರೆ ಒಂದು ಹಿಡಿ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳದೆ ಬರಲು ಆಗುವುದಿಲ್ಲ.


ಎರಡು ಮಕ್ಕಳಮ್ಮ, ಮಾಲೂರು
ಜನವರಿ 3, ರಾತ್ರಿ 11.15

ಮೊದಲು ಆ ಫೋನ್ ಮಡಗಿ ಮಲಗಿ. ನನಗೂ ಎರಡನೆಯದಕ್ಕೆ 19 ವಾರದಲ್ಲಿ ಇದೇ ಸಾಲು ಬರೆದಿದ್ದರು. ನಾನೂ ನಿಮ್ಮ ಹಾಗೇ ರಾತ್ರಿ ಎರಡು ಗಂಟೆ ತನಕ ಓದಿ ಓದಿ, ಬೆಳಗ್ಗೆ ಕಣ್ಣು ಊದಿಕೊಂಡು, ನಮ್ಮ ಯಜಮಾನರು ಇವಳಿಗೆ ಬಿ.ಪಿ. ಬಂತು ಅಂತ ಗಾಬರಿ. 32 ವಾರದ ಸ್ಕ್ಯಾನ್‌ನಲ್ಲಿ ಮಾಸು ಮೇಲೆ ಹೋಗಿತ್ತು. ನಾರ್ಮಲ್ ಹೆರಿಗೆ, 2.9 ಕೆ.ಜಿ., ಈಗ ಯು.ಕೆ.ಜಿ. ಓದುತ್ತಾನೆ, ಮಾತು ಕೇಳುವುದಿಲ್ಲ.

ಆಡುವುದು ನನಗೆ ಮೊದಲನೆಯದಕ್ಕೆ 22 ವಾರಕ್ಕೆ ಗೊತ್ತಾಗಿದ್ದು. ಅಲ್ಲಿಯ ತನಕ ಗ್ಯಾಸ್ ಅಂದುಕೊಂಡಿದ್ದೆ. ಮುದ್ದೆಗೆ ಹಿಟ್ಟು ಕುದಿಯುವಾಗ ಗುಳ್ಳೆ ಪುಳಕ್ ಅಂತ ಒಡೆಯುತ್ತದಲ್ಲ, ಹಾಗೆ.

ಭಾರದ ವಿಷಯ ನರ್ಸಮ್ಮ ಬಂದರೆ ಹೇಳುತ್ತಾರೆ, ಅವರು ಬೆಳಗ್ಗೆ ಹೊತ್ತು ಇಲ್ಲಿಗೆ ಬರುತ್ತಾರೆ.


ಹಳೇ ಬೇರು, ಕೋಲಾರ
ಜನವರಿ 4, ಬೆಳಗ್ಗೆ 6.05

ತಪ್ಪು ತಿಳಿಯಬೇಡಮ್ಮ. ನಾನು ಐದು ಹೆತ್ತವಳು. ಕಳೆ ಕಿತ್ತಿದ್ದೇವೆ, ನೀರು ಸೇದಿದ್ದೇವೆ. ಕೆಲಸ ಮಾಡಿದರೆ ಹೆರಿಗೆ ಸಲೀಸು. ಈಗಿನವರಿಗೆ ಒಂದು ಸ್ಕ್ಯಾನ್ ಆದರೆ ಒಂದು ಹೆದರಿಕೆ. ನಿಮ್ಮ ಅತ್ತೆ ಹೇಳಿದ್ದರಲ್ಲಿ ತಪ್ಪೇನಿದೆ?


ಎರಡು ಮಕ್ಕಳಮ್ಮ, ಮಾಲೂರು
ಜನವರಿ 4, ಬೆಳಗ್ಗೆ 7.30

ಅಜ್ಜಿ, ನೀವು ಹೆತ್ತಿದ್ದೀರಿ, ಸಂತೋಷ. ಆದರೆ ನಿಮ್ಮ ಕಾಲದಲ್ಲಿ ಹೆರಿಗೆಗೆ ಅಂತ ಹೋಗಿ ವಾಪಸ್ ಬಾರದವರ ಹೆಸರು ನಿಮಗೂ ಒಂದೆರಡು ನೆನಪಿರುತ್ತದೆ, ಅಲ್ವಾ? ಅವರು ಇಲ್ಲಿ ಬಂದು ಬರೆಯುವುದಿಲ್ಲ.


ನರ್ಸಮ್ಮ, ಗೌರಿಬಿದನೂರು
ಜನವರಿ 4, ಬೆಳಗ್ಗೆ 9.20

ಜಗಳ ಬೇಡ. ಕೆಲಸ ಮಾಡಿದರೆ ಒಳ್ಳೆಯದು ಅನ್ನುವ ಅಜ್ಜಿಯ ಮಾತೂ ನಿಜ, ಈ ಹುಡುಗಿಯ ವಿಷಯ ಸ್ವಲ್ಪ ಬೇರೆ ಅನ್ನುವುದೂ ನಿಜ. ನಾನು 31 ವರ್ಷ ಎ.ಎನ್.ಎಂ. (ಹಳ್ಳಿ ಆರೋಗ್ಯ ಕೇಂದ್ರದ ನರ್ಸ್) ಆಗಿದ್ದವಳು, ಈಗ ರಿಟೈರ್ಡ್. ಡಾಕ್ಟರ್ ಅಲ್ಲ. ಗೊತ್ತಿರುವಷ್ಟು ಹೇಳುತ್ತೇನೆ.

ಮಾಸು ಗರ್ಭಕೋಶದ ಒಳಬಾಯಿಗೆ 2 ಸೆಂ.ಮೀ.ಗಿಂತ ಹತ್ತಿರ ಇದ್ದರೆ ಲೋ ಲೈಯಿಂಗ್ ಅಂತ ಬರೆಯುತ್ತಾರೆ. ನಿಮ್ಮದು 1.4. ಬಾಯಿಯನ್ನು ಮುಚ್ಚಿಲ್ಲ, ಅದು ಒಳ್ಳೆಯ ಸುದ್ದಿ. ಗರ್ಭಕೋಶದ ಕೆಳಭಾಗ ಹಿಗ್ಗುವುದು ಕೊನೆಯ ತಿಂಗಳುಗಳಲ್ಲಿ. ಬಲೂನಿನ ಮೇಲೆ ಬಾಯಿಯ ಹತ್ತಿರ ಒಂದು ಚುಕ್ಕೆ ಇಟ್ಟು ಊದಿ ನೋಡಿ, ಚುಕ್ಕೆ ದೂರ ಹೋಗುತ್ತದೆ. ಮಾಸೂ ಹಾಗೇ ಮೇಲೆ ಹೋಗುತ್ತದೆ. 20 ವಾರದಲ್ಲಿ ಕೆಳಗಿದೆ ಅಂತ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಹೆರಿಗೆ ಹೊತ್ತಿಗೆ ಸರಿಯಾಗಿರುತ್ತದೆ. ಅದಕ್ಕೇ 32 ವಾರ ಅಂದಿದ್ದಾರೆ, ಸುಮ್ನೆ ಕಾಯಿಸಲು ಅಲ್ಲ.

ರಕ್ತ ಕಾಣದಿದ್ದರೆ ಹಾಸಿಗೆ ಹಿಡಿಯಬೇಕಾಗಿಲ್ಲ. ಓಡಾಡಿ, ಅಡುಗೆ ಮಾಡಿ. ಮೇಲಿನ ಅಂಕಣಕ್ಕೆ ಕೈ ಎತ್ತಿ ಸೊಪ್ಪು ಹಾಕಿದರೆ ಕರುಳಬಳ್ಳಿ ಸುತ್ತಿಕೊಳ್ಳುವುದಿಲ್ಲ, ಅದು ಸುತ್ತಿಕೊಳ್ಳುವುದು ಮಗು ತಿರುಗಿದರೆ, ನೀವು ಕೈ ಎತ್ತಿದರೆ ಅಲ್ಲ. ಆದರೆ ಸ್ಟೂಲ್ ಹತ್ತಬೇಡಿ, ಬಿದ್ದರೆ ಕಷ್ಟ. ಭಾರಕ್ಕೆ ನಾನು ಹೇಳಿಕೊಡುತ್ತಿದ್ದ ಲೆಕ್ಕ ಇಷ್ಟು: ಎತ್ತುವಾಗ ಉಸಿರು ಬಿಗಿಹಿಡಿಯಬೇಕಾದರೆ ಅದು ನಿಮ್ಮದಲ್ಲ. 20 ಲೀಟರ್ ಕ್ಯಾನ್ ಅಂದರೆ 20 ಕೆ.ಜಿ.ಯಮ್ಮ! ಅದನ್ನು ಇವತ್ತಿಗೇ ನಿಲ್ಲಿಸಿ. ಮುಂದಿನ ಸಲ ಡಾಕ್ಟರ ಹತ್ತಿರ ಕೆ.ಜಿ. ಲೆಕ್ಕದಲ್ಲೇ ಕೇಳಿ. ಗಂಡ ಹೆಂಡತಿ ಕೂಡುವ ವಿಷಯವನ್ನೂ ಕೇಳಿ, ನಾಚಿಕೆ ಬೇಡ. ಕೆಲವರಿಗೆ ಬೇಡ ಅನ್ನುತ್ತಾರೆ.

ರಕ್ತ ಕಂಡರೆ, ನೋವು ಇಲ್ಲದಿದ್ದರೂ, ಸ್ವಲ್ಪವೇ ಬಂದು ನಿಂತಿದ್ದರೂ, ಬೆಳಗಾಗಲಿ ಅಂತ ಕಾಯಬೇಡಿ. ಈ ತೊಂದರೆಯಲ್ಲಿ ರಕ್ತ ಬರುವುದು ಹೆಚ್ಚಾಗಿ ನೋವಿಲ್ಲದೆಯೇ. 108ಕ್ಕೆ ಫೋನ್ ಮಾಡಿ, ಆಪರೇಷನ್ ಮತ್ತು ರಕ್ತ ಕೊಡುವ ವ್ಯವಸ್ಥೆ ಇರುವ ಕಡೆಗೇ ಹೋಗಿ. ಅಲ್ಲಿ ಯಾರಾದರೂ ಒಳಗೆ ಕೈ ಹಾಕಿ ನೋಡುವ ಮೊದಲು “ಮಾಸು ಕೆಳಗಿದೆ” ಅಂತ ಹೇಳಿ ರಿಪೋರ್ಟ್ ತೋರಿಸಿ. ರಿಪೋರ್ಟ್, ತಾಯಿ ಕಾರ್ಡ್ ಎರಡೂ ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಮೊಳೆಗೆ ನೇತುಹಾಕಿ. ಗಂಡ ರಾತ್ರಿ ಪಾಳಿಯಲ್ಲಿದ್ದರೆ ಯಾರ ಗಾಡಿ ಸಿಗುತ್ತದೆ ಅಂತ ಈಗಲೇ ಮಾತಾಡಿಟ್ಟುಕೊಳ್ಳಿ.

ಮಗು ಆಡುವುದು: ಚೊಚ್ಚಲಿಗೆ 18ರಿಂದ 20 ವಾರ ಅನ್ನುತ್ತಾರೆ, ಇನ್ನೂ ತಡವಾದವರೂ ಇದ್ದಾರೆ. ನಿಮ್ಮ ಮಾಸು ಮುಂದುಗಡೆ ಇದೆ, ಆಂಟೀರಿಯರ್ ಅಂದರೆ ಅಷ್ಟೇ ಅರ್ಥ. ದಿಂಬಿನ ಆಚೆಯಿಂದ ಒದ್ದ ಹಾಗೆ, ತಡವಾಗಿ ಗೊತ್ತಾಗುತ್ತದೆ. 24 ವಾರಕ್ಕೂ ಏನೂ ಗೊತ್ತಾಗದಿದ್ದರೆ ಹೋಗಿ ತೋರಿಸಿ. ಆಂಟೀರಿಯರ್ ಹೆಣ್ಣು, ಪೋಸ್ಟೀರಿಯರ್ ಗಂಡು ಅನ್ನುವುದು ಬರೀ ಸುಳ್ಳು. 1994ರ ಕಾಯ್ದೆ ಬಂದ ಮೇಲೆ ಸ್ಕ್ಯಾನ್ ಮಾಡಿದವರು ಬಾಯಿ ಬಿಡುವಂತಿಲ್ಲ, ಅದಕ್ಕೆ ಜನ ರಿಪೋರ್ಟಿನ ಇಂಗ್ಲಿಷ್ ಪದಗಳಲ್ಲಿ ಹುಡುಕಲು ಶುರು ಮಾಡಿದ್ದಾರೆ.

ಹಸಿ ಅಕ್ಕಿ. ಇದನ್ನು ಹೇಳಿದ್ದು ಒಳ್ಳೆಯದಾಯಿತು. ನಾಚಿಕೊಂಡು ಮುಚ್ಚಿಡುವವರೇ ಜಾಸ್ತಿ. ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನಬೇಕು ಅನ್ನಿಸುವವರಲ್ಲಿ ತುಂಬಾ ಸಲ ಕಬ್ಬಿಣದ ಅಂಶ ಕಡಿಮೆ ಇರುತ್ತದೆ. ನಿಮ್ಮ ಹೆಚ್‌ಬಿ (ರಕ್ತದಲ್ಲಿರುವ ಹಿಮೋಗ್ಲೋಬಿನ್) ಎಷ್ಟಿದೆ ಅಂತ ನೀವು ಬರೆದೇ ಇಲ್ಲ. 11 ಇರಬೇಕು. ಅತ್ತ ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ, ಇತ್ತ ಅಕ್ಕಿ ಡಬ್ಬಿ! ಮಾತ್ರೆ ದಿನಾ ತಗೊಳ್ಳಿ. ರಾತ್ರಿ ಊಟ ಆಗಿ ಒಂದು ಗಂಟೆ ಬಿಟ್ಟು, ನಿಂಬೆ ಹಣ್ಣಿನ ನೀರಿನ ಜೊತೆ. ಹಾಲು, ಕಾಫಿ, ಟೀ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಬೆಳಗ್ಗೆ, ಮಧ್ಯಾಹ್ನ ಎರಡು ಹೊತ್ತಿಗೆ ಇರಲಿ, ಎರಡೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಮಲ ಕಪ್ಪಗೆ ಹೋಗುತ್ತದೆ, ಹೆದರಬೇಡಿ. ಗಟ್ಟಿಯಾದರೆ ಸೊಪ್ಪು, ಸೀಬೆಹಣ್ಣು, ನೀರು ಜಾಸ್ತಿ ಮಾಡಿ. ಅದಕ್ಕೂ ಬಗ್ಗದಿದ್ದರೆ ಬೇರೆ ಕಂಪನಿ ಮಾತ್ರೆ ಬರೆದುಕೊಡುತ್ತಾರೆ, ಕೇಳಿ. ಮೂರು ತಿಂಗಳು ಕಳೆದ ಮೇಲೆ ಹೊಟ್ಟೆ ಹುಳುವಿನ ಮಾತ್ರೆಯೂ ಒಂದು ಸಲ ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಹುಳು ಅಂದರೆ ಅತ್ತೆ ಗಾಬರಿಯಾದಾರು, ಬಿಡಿಸಿ ಹೇಳಿ.

ಎಳ್ಳು ಬೆಲ್ಲ ಒಂದು ಹಿಡಿ ತಿಂದರೆ ಏನೂ ಆಗುವುದಿಲ್ಲ. 24 ವಾರ ಆದ ಮೇಲೆ ಸಕ್ಕರೆ ಪರೀಕ್ಷೆ ಇರುತ್ತದೆ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ, 140ರ ಒಳಗಿರಬೇಕು. ತಪ್ಪಿಸಬೇಡಿ. ತವರಿಗೆ ಹೋಗುವುದು ಡಾಕ್ಟರನ್ನು ಕೇಳಿ. ನನ್ನ ಕೇಳಿದರೆ ಈ ಸಲ ಬೇಡ. ಸೀಮಂತಕ್ಕೆ ಅವರೇ ಬರಲಿ, ಬಳೆ ಇಲ್ಲೇ ತೊಡಿಸಲಿ.

ಕೊನೆಗೆ ಅತ್ತೆ. ನೀವು ಹೇಳಿದರೆ ಸೊಸೆ ಮಾತು, ಡಾಕ್ಟರ್ ಹೇಳಿದರೆ ಡಾಕ್ಟರ್ ಮಾತು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಅಂತಲೇ ಡಾಕ್ಟರ್ ಕೂರುತ್ತಾರೆ, ದುಡ್ಡು ಇಲ್ಲ. ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಕೈ ಹಿಡಿದುಕೊಂಡು ಬರಲಿ ಅಂತಲ್ಲ, ಅವರ ಕಿವಿಗೇ ಬೀಳಲಿ ಅಂತ.


ಹಿಪ್ಪುನೇರಳೆ
ಜನವರಿ 4, ಮಧ್ಯಾಹ್ನ 2.10

ಅಮ್ಮಾ, ಇದನ್ನು ಮೂರು ಸಲ ಓದಿದೆ. ಇವರಿಗೂ ಓದಿಸಿದೆ. ಹೆಚ್‌ಬಿ ಮೂರನೇ ತಿಂಗಳಲ್ಲಿ 10.6 ಇತ್ತು, ಆಮೇಲೆ ನೋಡಿಸಿಲ್ಲ. ಕ್ಯಾನ್ ನಿಲ್ಲಿಸಿದೆ. ಆದರೆ 9ನೇ ತಾರೀಖು ಅಂದರೆ ಹುಳು ನಾಲ್ಕನೇ ಜ್ವರ ಎದ್ದ ಮಾರನೇ ದಿನ. ಅವತ್ತು ಮನೆ ಬಿಟ್ಟು ಬನ್ನಿ ಅಂದರೆ ಅತ್ತೆ ನನ್ನನ್ನೇ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟಿ) ಹಾಕುತ್ತಾರೆ.


ಸೊಪ್ಪಿನ ತೋಟ, ಚಿಂತಾಮಣಿ
ಜನವರಿ 4, ರಾತ್ರಿ 8.45

ಗಂಡಸು ಬರೆಯುತ್ತಿದ್ದೇನೆ, ಕ್ಷಮಿಸಿ. ಹೆರಿಗೆ ವಿಷಯ ನನಗೆ ಗೊತ್ತಿಲ್ಲ, ಹುಳು ವಿಷಯ ಗೊತ್ತು. 14 ವರ್ಷದಿಂದ ಮೇಯಿಸುತ್ತಿದ್ದೇನೆ, ನನ್ನ ಹೆಂಡತಿಯೂ ಎರಡು ಸಲ ನಿಮ್ಮ ಸ್ಥಿತಿಯಲ್ಲೇ ಹುಳು ಮನೆಯಲ್ಲಿದ್ದಳು. ನೀವು ಭಾರ ಒಂದನ್ನೇ ಯೋಚಿಸುತ್ತಿದ್ದೀರಿ ತಂಗಿ. ನನಗೆ ಅದಕ್ಕಿಂತ ಹೆದರಿಕೆ ಗಾಳಿದು.

ಈಗ ಚಳಿ. ಹುಳು ಮನೆಗೆ ಕಾವು ಬೇಕು ಅಂತ ಇದ್ದಿಲು ಒಲೆ ಇಡುತ್ತೀರಾ? ಬಾಗಿಲು ಕಿಟಕಿ ಮುಚ್ಚಿ, ಗೋಣಿತಾಟು ಕಟ್ಟಿ, ಒಳಗೆ ಇದ್ದಿಲು. ಅದರಿಂದ ಬರುವ ಕೆಟ್ಟ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಗೊತ್ತಾಗುವುದಿಲ್ಲ. ಒಂದು ಸಲ ನನ್ನ ತಮ್ಮ ರಾತ್ರಿ ಸೊಪ್ಪು ಹಾಕಲು ಹೋದವನು ತಲೆ ಸುತ್ತಿ ಸ್ಟ್ಯಾಂಡ್ ಹಿಡಿದು ಕೂತುಬಿಟ್ಟ. ಗಂಡಾಳಿಗೇ ಹಾಗೆ. ಹೊಟ್ಟೆಯಲ್ಲಿರುವ ಮಗುವಿಗೆ ಅದು ಇನ್ನೂ ಕೆಟ್ಟದ್ದು. ಒಲೆ ಇದ್ದರೆ ನೀವು ಒಳಗೆ ಇರಬೇಡಿ. ಕರೆಂಟ್ ಹೀಟರ್ ಇಟ್ಟರೆ ಆಯಿತು, ಹುಳುವಿಗೂ ಒಳ್ಳೆಯ ಗಾಳಿ ಬೇಕು.

ಎರಡನೆಯದು ಹುಳುವಿಗೆ ರೋಗ ಬಾರದ ಹಾಗೆ ಹಾಕುವ ಪೌಡರ್. ಜ್ವರ ಎದ್ದ ಹುಳುವಿಗೆ ಸೊಪ್ಪು ಹಾಕುವ ಅರ್ಧ ಗಂಟೆ ಮೊದಲು ಬಟ್ಟೆಯಲ್ಲಿ ಜಾಡಿಸುತ್ತೇವಲ್ಲ, ಆ ಹೊತ್ತಿಗೆ ಹೊರಗೆ ಇರಿ. ಬೆಳೆ ಮುಗಿದ ಮೇಲೆ ಮನೆ ತೊಳೆಯುವುದು ಇನ್ನೂ ಬೇಡ. ಫಾರ್ಮಲಿನ್ ಹೊಡೆದರೆ ಕಣ್ಣು ಮೂಗು ಉರಿಯುವುದು ನಿಮಗೇ ಗೊತ್ತು. ನಾವು ಅದನ್ನು ಬಿಟ್ಟು ಬ್ಲೀಚಿಂಗ್ ಪೌಡರಿಗೆ ಬಂದಿದ್ದೇವೆ, 100 ಲೀಟರ್ ನೀರಿಗೆ 2 ಕೆ.ಜಿ. ಆದರೂ ಅದು ನಿಮ್ಮ ಕೆಲಸ ಅಲ್ಲ. ಯಜಮಾನರು ಒಂದು ದಿನ ರಜೆ ಹಾಕಲಿ, ಮಾಸ್ಕ್ ಹಾಕಿಕೊಂಡು ಅವರೇ ಹೊಡೆಯಲಿ. ಔಷಧಿ ಸಿಂಪಡಿಸಿದ ಅಕ್ಕಪಕ್ಕದ ತೋಟದ ಗಾಳಿ ಬಂದರೆ ಹುಳು ಸಾಯುತ್ತವೆ ಅಂತ ನಾವು ಜಗಳಕ್ಕೆ ಹೋಗುತ್ತೇವೆ. ಹುಳುವಿಗೆ ನೋಡಿದಷ್ಟು ಮನೆಯವರಿಗೂ ನೋಡಬೇಕಲ್ವಾ.

ಆಳಿನ ಲೆಕ್ಕ. ಇಬ್ಬರು ಹೆಣ್ಣಾಳು, ಎಂಟು ದಿನ, 400 ಅಂದರೂ 6,400. 150 ಮೊಟ್ಟೆಗೆ ನೂರು ಕೆ.ಜಿ. ಗೂಡು, ಕೆ.ಜಿ.ಗೆ 450 ಅಂತ ಕಡಿಮೆ ಹಿಡಿದರೂ 45,000. ಅದರಲ್ಲಿ 6,400 ಕೊಡಬಹುದು. ಅತ್ತೆಯ ಮುಂದೆ ಮಾಸು, ಸೆಂ.ಮೀ. ಅನ್ನಬೇಡಿ. ಈ ಲೆಕ್ಕ ಇಡಿ. ಮುಂದಿನ ಬೆಳೆಗೆ 75 ಮೊಟ್ಟೆ ಸಾಕು ಅಂತ ಚಾಕಿ ಸೆಂಟರಿಗೆ ಈಗಲೇ ಹೇಳಿ.


ಹಿಪ್ಪುನೇರಳೆ
ಜನವರಿ 10, ರಾತ್ರಿ 9.50

ಇದ್ದಿಲು ಒಲೆ ಇಡುತ್ತಿದ್ದೆವು ಅಣ್ಣ. ನನಗೆ ಹೊಳೆದೇ ಇರಲಿಲ್ಲ. ರಾತ್ರಿ ತಲೆನೋವು ಬಸುರಿಯದು ಅಂದುಕೊಂಡಿದ್ದೆ. ಇವರು ಮಾರನೇ ದಿನವೇ ಹೀಟರ್ ತಂದರು.

ನಿನ್ನೆ ಆಸ್ಪತ್ರೆಗೆ ಹೋಗಿ ಬಂದೆವು. ಅತ್ತೆ ಬಂದರು! ಹೇಗೆ ಅಂದರೆ, ಮೊದಲು ಬರುವುದಿಲ್ಲ ಅಂದರು. ಆಮೇಲೆ ಆಶಾ ಅಕ್ಕ ಮನೆಗೇ ಬಂದು “ಮೊಣಕಾಲು ನೋವಿಗೂ ಅಲ್ಲೇ ತೋರಿಸಬಹುದು ಅಮ್ಮ” ಅಂದರು. ಅಷ್ಟಕ್ಕೆ ಸೀರೆ ಬದಲಾಯಿಸಿಕೊಂಡರು. ಬೆಳಗಿನ ಸೊಪ್ಪು ಹಾಕಿ ಹೊರಟು, ಮಧ್ಯಾಹ್ನದ ಸೊಪ್ಪಿನ ಹೊತ್ತಿಗೆ ವಾಪಸ್. ಡಾಕ್ಟರಮ್ಮ ರಿಪೋರ್ಟ್ ನೋಡಿ ನರ್ಸಮ್ಮ ಹೇಳಿದ್ದನ್ನೇ ಹೇಳಿದರು. ಕೆ.ಜಿ. ಲೆಕ್ಕ ಕೇಳಿದೆ. ನಿನಗೆ 5 ಕೆ.ಜಿ. ಮೇಲೆ ಬೇಡ ಅಂದರು. ಆಮೇಲೆ ಅತ್ತೆಯ ಕಡೆ ತಿರುಗಿ, “ಕೆಲಸ ಮಾಡಿಸಿ, ಹೊರೆ ಹೊರಿಸಬೇಡಿ” ಅಂದರು. ಅತ್ತೆ ತಲೆಯಾಡಿಸಿ, ಹತ್ತು ನಿಮಿಷ ತಮ್ಮ ಮೊಣಕಾಲಿನ ಕಥೆ ಹೇಳಿದರು. ನನಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಹೊತ್ತು.

ಹೆಚ್‌ಬಿ 9.8ಕ್ಕೆ ಇಳಿದಿದೆ. ಕೆಂಪು ಮಾತ್ರೆ ದಿನಕ್ಕೆ ಎರಡು ಮಾಡಿದ್ದಾರೆ. ಅಕ್ಕಿ ವಿಷಯ ಡಾಕ್ಟರಿಗೆ ಹೇಳಿದಾಗ ಅತ್ತೆ ಪಕ್ಕದಲ್ಲೇ ಇದ್ದರು. “ಅದಕ್ಕೇ ಡಬ್ಬಿ ಬೇಗ ಖಾಲಿಯಾಗುತ್ತಿತ್ತಾ” ಅಂದರು, ನಗಲೂ ಇಲ್ಲ, ಬೈಯಲೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಎರಡು ಕಟ್ಟು ನುಗ್ಗೆಸೊಪ್ಪು ತಗೊಂಡರು.

ಲೆಕ್ಕವನ್ನು ಇವರ ಕೈಯಲ್ಲಿ ಹೇಳಿಸಿದೆ. ಇವತ್ತು ಬೆಳಗ್ಗೆ ಇಬ್ಬರು ಆಳು ಬಂದಿದ್ದರು. ಅವರ ಹತ್ತಿರ ಅತ್ತೆ ಹೇಳುತ್ತಿದ್ದುದು ನನಗೂ ಕೇಳಿಸಿತು: “ನಮ್ಮ ಸೊಸೆಗೆ ಅದೇನೋ ಕೆಳಗಿದೆಯಂತೆ, ಈಗಿನ ಹುಡುಗಿಯರಿಗೆ ಏನು ಹೇಳೋದು ಬಿಡಿ.” ಹೇಳಿಕೊಳ್ಳಲಿ. ಹೊರೆ ಅವರು ಹೊರುತ್ತಿದ್ದಾರೆ.


ಎರಡು ಮಕ್ಕಳಮ್ಮ, ಮಾಲೂರು
ಜನವರಿ 10, ರಾತ್ರಿ 10.20

ಅಕ್ಕಿ ಡಬ್ಬಿ ಮಾತಿಗೆ ಬಿದ್ದು ಬಿದ್ದು ನಕ್ಕೆ. ನಿಮ್ಮ ಅತ್ತೆ ನನಗೆ ಇಷ್ಟವಾದರು.


ಹಿಪ್ಪುನೇರಳೆ
ಜನವರಿ 23, ಸಂಜೆ 6.30

ಗೂಡು ಮಾರಿ ಬಂದೆವು, ಅದಕ್ಕೆ ಈಗ ಪುರುಸೊತ್ತು. 104 ಕೆ.ಜಿ., ಕೆ.ಜಿ.ಗೆ 512. ಚಿಂತಾಮಣಿ ಅಣ್ಣನ ಲೆಕ್ಕಕ್ಕಿಂತ ಮೇಲೆ. ಮುಂದಿನ ಬೆಳೆ 75 ಮೊಟ್ಟೆ ಅಂತ ಅತ್ತೆಯೇ ಹೇಳಿದರು. ಮೊಣಕಾಲಿಗಂತೆ.

ಹುಳು ಹಣ್ಣಾಗಿದ್ದು 16ರ ರಾತ್ರಿ. ಆರಿಸುವ ಕೆಲಸ ಮಾತ್ರ ನಾನು ಬಿಡಲಿಲ್ಲ. ಬೆನ್ನಿಗೆ ಒರಗು ಇರುವ ಪ್ಲಾಸ್ಟಿಕ್ ಕುರ್ಚಿ, ಕಾಲ ಕೆಳಗೆ ಸೊಪ್ಪಿನ ಕ್ರೇಟ್ ಬೋರಲು, ತೊಡೆ ಮೇಲೆ ತಟ್ಟೆ. ಅವರು ಹುಳು ತಂದು ಸುರಿಯುತ್ತಿದ್ದರು, ನಾನು ಹಣ್ಣಾಗಿದ್ದನ್ನು ಆರಿಸಿ ಕೊಡುತ್ತಿದ್ದೆ. ಬೆಳಕಿಗೆ ಹಿಡಿದರೆ ಜೇನಿನ ಬಣ್ಣ, ಮೈ ಪಾರದರ್ಶಕ. ಈ ಕೆಲಸದಲ್ಲಿ ನನ್ನ ಕೈ ಅತ್ತೆಗಿಂತ ಚುರುಕು, ಅದನ್ನು ಅವರೂ ಒಪ್ಪುತ್ತಾರೆ. 11 ಗಂಟೆಗೆ “ಎದ್ದು ಮಲಗು ಹೋಗು” ಅಂದರು.

ಮಗು ಆಡುವುದು ಅವತ್ತೇ ಗೊತ್ತಾಗಿದ್ದು, ಮಲಗಿದ ಮೇಲೆ. ಮಾಲೂರು ಅಕ್ಕ, ನೀವು ಹೇಳಿದ ಮುದ್ದೆ ಗುಳ್ಳೆ ಅಲ್ಲವೇ ಅಲ್ಲ ಅದು. ಹಣ್ಣು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡರೆ ಜಾಗ ಹುಡುಕಿಕೊಂಡು ತಲೆ ಎತ್ತಿ ಅತ್ತಿತ್ತ ಆಡಿಸುತ್ತದಲ್ಲ, ಒಳಗಿನಿಂದ ಹಾಗೆ. ಮೊದಲು ನಿಜವಾಗಿ ಒಂದು ಹುಳು ಸೀರೆಯಲ್ಲಿ ಸಿಕ್ಕಿಕೊಂಡು ಬಂದಿದೆ ಅಂತ ಎದ್ದು ಕೊಡವಿದೆ.

ತವರಿಗೆ ಹೋಗಲಿಲ್ಲ. ಅಮ್ಮ ಎಳ್ಳು ಬೆಲ್ಲ ಬಸ್ಸಿನಲ್ಲಿ ಕಳಿಸಿದ್ದರು, ಒಂದು ಹಿಡಿ ಅಲ್ಲ, ಎರಡು ಮೂರು ಹಿಡಿ ತಿಂದೆ. ರಕ್ತ ಏನೂ ಕಂಡಿಲ್ಲ. ಅಕ್ಕಿ ಆಸೆ ಇನ್ನೂ ಪೂರ್ತಿ ಹೋಗಿಲ್ಲ, ದಿನಕ್ಕೆ ನಾಲ್ಕು ಕಾಳಿಗೆ ಇಳಿದಿದೆ. 32 ವಾರ ಆಗುವುದು ಮಾರ್ಚ್ ಕೊನೆಗೆ, ಸ್ಕ್ಯಾನ್ ಆದ ಮೇಲೆ ಬಂದು ಬರೆಯುತ್ತೇನೆ.

ಅಲ್ಲಿಯ ತನಕ ಇನ್ನೊಂದು ಪ್ರಶ್ನೆ. ರಾತ್ರಿ ಎರಡು ಮೂರು ಗಂಟೆ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ, ಕಿರುಚುವಷ್ಟು ನೋವು. ಇವರು ರಾತ್ರಿ ಪಾಳಿ. ಹೆಬ್ಬೆರಳನ್ನು ಮೇಲಕ್ಕೆ ಎಳೆದರೆ ಬಿಡುತ್ತದೆ ಅನ್ನುತ್ತಾರೆ, ಆದರೆ ಈ ಹೊಟ್ಟೆ ಇಟ್ಟುಕೊಂಡು ನನ್ನ ಹೆಬ್ಬೆರಳು ನನಗೇ ಸಿಗುತ್ತಿಲ್ಲ. ಏನು ಮಾಡಲಿ?


ನರ್ಸಮ್ಮ, ಗೌರಿಬಿದನೂರು
ಜನವರಿ 23, ರಾತ್ರಿ 7.05

ಎದ್ದು ನಿಂತು, ಗೋಡೆಗೆ ಎರಡೂ ಕೈ ಕೊಟ್ಟು, ಹಿಡಿದುಕೊಂಡ ಕಾಲನ್ನು ಹಿಂದಿಟ್ಟು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ. ಹೆಬ್ಬೆರಳು ಹುಡುಕುವುದು ಬೇಡ. ಮಲಗುವ ಮೊದಲೂ ನಾಲ್ಕೈದು ಸಲ ಹೀಗೇ ಮಾಡಿ. ಒಂದೇ ಕಾಲು ಊದಿಕೊಂಡು ಕೆಂಪಾಗಿ ಬಿಸಿಯಾಗಿದ್ದರೆ ಮಾತ್ರ ಅದು ಬೇರೆ, ಆಗ ತೋರಿಸಬೇಕು. ಕ್ಯಾಲ್ಸಿಯಂ ಎರಡು ಹೊತ್ತೂ ತಗೊಳ್ಳುತ್ತಿದ್ದೀರಾ? ಅದನ್ನು ನೀವು ಬರೆದೇ ಇಲ್ಲ.